ಹನ್ನೆರಡನೇ ಕತ್ತರಿ

ಜೈಲಿನ ಹೊಲಿಗೆ ಶೆಡ್ಡಿನಲ್ಲಿ ಕತ್ತರಿಗಳಿಗಿದ್ದ ಮರ್ಯಾದೆ ಮನುಷ್ಯರಿಗಿರಲಿಲ್ಲ. ಗೋಡೆಯ ಹಲಗೆಯ ಮೇಲೆ ಹನ್ನೆರಡು ಕತ್ತರಿಗಳ ಆಕಾರ ಕಪ್ಪು ಬಣ್ಣದಲ್ಲಿ ಬರೆದಿದ್ದರು. ಸಂಜೆ ನಾಲ್ಕಕ್ಕೆ ಪ್ರತಿ ಆಕಾರದ ಮೇಲೂ ಅದರದೇ ಕತ್ತರಿ ನೇತಾಡಬೇಕು. ಒಂದು ಕಡಿಮೆಯಾದರೂ, ಅದು ಸಿಗುವವರೆಗೆ ಆ ಶೆಡ್ಡಿನ ಯಾವ ಕೈದಿಯೂ ಜೈಲಿನ ಗೇಟು ದಾಟುವಂತಿಲ್ಲ, ಸಾಯುವಂತಿದ್ದರೂ ಸರಿ. ಹೊಲಿಗೆ ಕಲಿಸುವ ಮೇಷ್ಟ್ರ ಇಪ್ಪತ್ತೆರಡು ವರ್ಷಗಳ ಕಾಲದಲ್ಲಿ ಒಂದು ಸಲವೂ ಎಣಿಕೆ ತಪ್ಪಿರಲಿಲ್ಲ.

ಆ ದಿನ ತಪ್ಪಿತು. ತಪ್ಪಿಸಿದವರು ಮೇಷ್ಟ್ರೇ.

ಕಾರಣ ಕಾಜಾ. ಗುಂಡಿಯ ಕಾಜಾ ಹೊಲಿಯುವುದರಲ್ಲಿ ಅವನನ್ನು ಮೀರಿಸುವವರಿಲ್ಲದ್ದರಿಂದ ಹೆಸರೂ ಅದೇ ಆಗಿಹೋಗಿತ್ತು. ಇಪ್ಪತ್ತರ ಬಿಸಿರಕ್ತದಲ್ಲಿ ಒಬ್ಬನನ್ನು ಇರಿದು ಕೊಂದು ಒಳಗೆ ಬಂದವನು. ಇನ್ನು ಹದಿನಾಲ್ಕು ತಿಂಗಳು ಕಳೆದರೆ ಹೊರಗೆ. ಅಷ್ಟರಲ್ಲಿ ಸೈನ್ಯದವರು ಬಂದರು. ಆರು ತಿಂಗಳು ಯುದ್ಧದಲ್ಲಿದ್ದು ಬಂದರೆ ಶಿಕ್ಷೆ ಮಾಫಿ, ಹಳೆಯ ಕಡತಕ್ಕೆ ಬೆಂಕಿ ಅಂದರು. ಕಾಜಾ ಮೊದಲ ದಿನವೇ ರುಜು ಹಾಕಿದ, ಆದರೆ ಅವನ ಹೆಸರು ಬಂದದ್ದು ಎರಡನೇ ತಂಡದಲ್ಲಿ.

ಕೈದಿ ಸೈನಿಕರ ಅಂಗಿಗಳನ್ನು ಈ ಶೆಡ್ಡಿನಲ್ಲೇ ಹೊಲಿಯುತ್ತಿದ್ದರು. ಭುಜದ ಮೇಲೆ ಒಂದು ಹಳದಿ ಪಟ್ಟಿ, ಬೇರೆ ಸೈನಿಕರಿಗಿಲ್ಲದ್ದು. ಮೊದಲು ಯಾರನ್ನು ಮುಂದೆ ನೂಕಬೇಕೆಂದು ಗೊತ್ತಾಗಲಿ ಅಂತ ಇರಬೇಕು, ಇನ್ಯಾತಕ್ಕೆ? ಮೊದಲ ತಂಡದಲ್ಲಿ ಮೂವತ್ತು ಜನ ಹೋಗಿದ್ದರು. ಕಳೆದ ತಿಂಗಳು ಹಳದಿ ಪಟ್ಟಿಯ ಇಪ್ಪತ್ತಾರು ಅಂಗಿಗಳು ಶುಭ್ರವಾಗಿ ಒಗೆಸಿಕೊಂಡು, ತೂತು ಬಿದ್ದು, ರಿಪೇರಿಗೆ ವಾಪಸ್ಸು ಬಂದವು.

"ಬಟ್ಟೆ ಬದಲಾಯಿಸಿರ್ತಾರೆ ಕಣ್ರೀ," ಅಂದರು ಸೂಪರಿಂಟೆಂಡೆಂಟರು. "ತೇಪೆ ಹಾಕೋದಷ್ಟೇ ನಿಮ್ಮ ಕೆಲಸ. ಬಾಯಿಗೂ ಒಂದು ಹಾಕ್ಕೊಳ್ಳಿ."

ಮೇಷ್ಟ್ರು ಬಾಗಿಲು ಹಾಕಿಕೊಂಡು ಒಬ್ಬರೇ ಇಪ್ಪತ್ತಾರಕ್ಕೂ ತೇಪೆ ಹಾಕಿದರು. ಆಮೇಲೆ ತಡೆಯಲಾರದೆ ಕಾಜಾನಿಗೆ ಹೇಳಿಯೂ ಹೇಳಿದರು.

"ಹಂಗಾದ್ರೆ ನಾಲ್ಕು ಅಂಗಿ ಬಂದಿಲ್ವಲ್ಲ ಮೇಷ್ಟ್ರೇ," ಅಂದ ಕಾಜಾ. "ಆ ನಾಲ್ಕರಲ್ಲಿ ನಾನೊಬ್ಬ ಇರ್ತೀನಿ. ಶಿಕ್ಷೆ ಮುಗಿಸಿ ಹೋದ್ರೆ ಕೊಲೆಗಾರ. ಅಲ್ಲಿಂದ ಬಂದ್ರೆ ಸೈನಿಕ. ಮಗಳಿಗೆ ಹತ್ತು ವರ್ಷ ಆಯ್ತು. ಅಪ್ಪ ಏನ್ಮಾಡ್ತಾರೆ ಅಂತ ಸ್ಕೂಲಲ್ಲಿ ಕೇಳಿದ್ರೆ ಏನಾದ್ರೂ ಹೇಳ್ಬೇಕಲ್ಲ?"

ಎರಡನೇ ತಂಡವನ್ನು ಒಯ್ಯುವ ಲಾರಿ ಬಂದ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಮೇಷ್ಟ್ರು ಹನ್ನೆರಡನೇ ಕತ್ತರಿಯನ್ನು ತಮ್ಮ ಕೋಟಿನ ಅಸ್ತರಿನೊಳಗೆ ಇಳಿಸಿ, ನಾಲ್ಕು ಹೊಲಿಗೆ ಹಾಕಿ, ಕೋಟನ್ನು ಎಂದಿನಂತೆ ಮೊಳೆಗೆ ತೂಗುಹಾಕಿದರು.

ನಾಲ್ಕು ಗಂಟೆಗೆ ಹೆಡ್ ವಾರ್ಡರು ಎಣಿಸಿದ. ಮತ್ತೆ ಎಣಿಸಿದ. ಹಲಗೆಯ ತುದಿಯಲ್ಲಿ ಒಂದು ಕಪ್ಪು ಆಕಾರ ಬರಿದಾಗಿತ್ತು. ಶೆಡ್ಡಿನ ಕೈದಿಗಳೆಲ್ಲ ಗೋಡೆಗೆ ಮುಖ ಮಾಡಿ ನಿಂತರು. ಪೆಟ್ಟಿಗೆ, ಬಟ್ಟೆಯ ಥಾನು, ಮೆಷಿನ್ನಿನ ಹೊಟ್ಟೆ, ಎಲ್ಲವನ್ನೂ ಬಗೆದು ನೋಡಿದ್ದಾಯಿತು. ಮೇಷ್ಟ್ರ ಕೋಟನ್ನು ಮುಟ್ಟಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಂಗಳದಲ್ಲಿ ಲಾರಿ ಗುರುಗುಡುತ್ತಲೇ ಇತ್ತು.

ಕಾಜಾ ತಾನೇ ಅಳತೆಗೆ ಹೊಲಿದುಕೊಂಡ ಸೈನಿಕರ ಅಂಗಿ ತೊಟ್ಟು ನಿಂತಿದ್ದ. ಈ ಶೆಡ್ಡಿನಿಂದ ಹೋಗುವವರ ಪಟ್ಟಿಯಲ್ಲಿದ್ದವನು ಅವನೊಬ್ಬನೇ. ಒಂದು ಕ್ಷಣ ಅವನ ಕಣ್ಣು ಮೊಳೆಯ ಕಡೆ ಹೋಗಿ ಬಂತು.

"ಏನಾದ್ರೂ ನೋಡಿದ್ಯೇನೋ?" ವಾರ್ಡರು ಗದರಿದ.

"ಇಲ್ಲ ಸಾರ್."

ಲಾರಿಯೊಂದಿಗೆ ಬಂದಿದ್ದ ಸೈನ್ಯದ ಮೇಜರ್ ಬಾಗಿಲಲ್ಲಿ ಬಂದು ನಿಂತ. "ನಿಮ್ಮ ಕತ್ತರಿ ಕಟ್ಕೊಂಡು ನಂಗೇನ್ರೀ? ಮೂವತ್ತು ತಲೆ ಬೇಕು. ಇವನಲ್ಲದಿದ್ರೆ ಮುಂದಿನ ಹೆಸರು ಕರೀರಿ."

ಮುಂದಿನ ಹೆಸರು ಸೈಕಲ್. ಸೈಕಲ್ ಕದ್ದು ಒಳಗೆ ಬಂದ, ಬಟ್ಟೆ ಒಗೆಯುವ ಮನೆಯಲ್ಲಿ ಕೆಲಸ ಮಾಡುವ, ನಲವತ್ತು ದಾಟಿದ ಗಿಡ್ಡ ಆಸಾಮಿ. ಬಿಡುಗಡೆಗೆ ಎರಡೇ ತಿಂಗಳಿತ್ತು. ಹೆಸರುಗಳ ಪಟ್ಟಿ ಉದ್ದ ಕಾಣಲಿ ಅಂತ ಮೇಲಿನವರು ಹೇಳಿದ್ದಕ್ಕೆ, ತನ್ನ ತನಕ ಎಲ್ಲಿ ಬರುತ್ತೆ ಅಂದುಕೊಂಡು ರುಜು ಹಾಕಿದ್ದನಷ್ಟೆ.

ಅವನನ್ನು ಶೆಡ್ಡಿಗೆ ಕರೆತಂದರು. "ಸಾರ್, ನಾನು ಸುಮ್ನೆ ಹಾಕಿದ್ದು," ಅಂದ ಸೈಕಲ್. ಎಲ್ಲರೂ ನಗುತ್ತಾರೇನೋ ಎಂಬಂತೆ ಸುತ್ತ ನೋಡಿದ. ಯಾರೂ ನಗಲಿಲ್ಲ.

ಕಾಜಾ ಅಂಗಿ ಬಿಚ್ಚಿ ಕೊಟ್ಟ. ಸೈಕಲ್ ತೊಟ್ಟುಕೊಂಡ. ತೋಳು ಬೆರಳ ತುದಿಯನ್ನೂ ದಾಟಿ ಜೋತಾಡಿತು. ಅವನು ಎರಡೆರಡು ಸುತ್ತು ಮಡಿಚಿಕೊಂಡ.

ಮೇಷ್ಟ್ರು ಆಗ ಬಾಯಿ ಬಿಡಬಹುದಿತ್ತು. ಕೋಟು ನಾಲ್ಕು ಹೆಜ್ಜೆ ದೂರದಲ್ಲಿತ್ತು, ನಾಲ್ಕು ಹೊಲಿಗೆ ಕಿತ್ತರೆ ಸಾಕಿತ್ತು. ಕಿತ್ತಿದ್ದರೆ ತಾವೇ ಜೈಲು ಸೇರುತ್ತಿದ್ದರು, ಕಾಜಾ ಲಾರಿ ಹತ್ತುತ್ತಿದ್ದ. ಪ್ರೀತಿ ಅನ್ನಿ, ಹೇಡಿತನ ಅನ್ನಿ, ಅವರು ಹಲಗೆಯನ್ನೇ ನೋಡುತ್ತ ನಿಂತರು. ಲಾರಿ ಹೊರಟುಹೋಯಿತು.

ಮೂರನೇ ದಿನ ಕತ್ತರಿ ಬೀರುವಿನ ಹಿಂದೆ "ಸಿಕ್ಕಿತು". ಕಾಜಾ ಏನೂ ಕೇಳಲಿಲ್ಲ. ಬದುಕಿಕೊಂಡನಲ್ಲ, ಇವತ್ತಲ್ಲ ನಾಳೆ ಅರ್ಥವಾಗುತ್ತೆ ಎಂದು ಮೇಷ್ಟ್ರು ಒಳಗೊಳಗೇ ಸಮಾಧಾನ ಮಾಡಿಕೊಂಡರು.

ಮೂರು ತಿಂಗಳಿಗೆ ರಿಪೇರಿಯ ಅಂಗಿಗಳ ಇನ್ನೊಂದು ಗಂಟು ಬಂತು. ಮೇಷ್ಟ್ರು ಕಚೇರಿಯಿಂದ ಬರುವಷ್ಟರಲ್ಲಿ ಕಾಜಾ ಅದನ್ನು ಬಿಚ್ಚಿದ್ದ. ಒಂದು ಅಂಗಿಯ ಕಾಜಾಗಳ ಮೇಲೆ ಬೆರಳಾಡಿಸುತ್ತಿದ್ದ. ತನ್ನ ಕೈಕೆಲಸ ಅವನಿಗೆ ಗೊತ್ತಾಗದೆ ಇರುತ್ತದೆಯೇ? ಎದೆಯ ಹತ್ತಿರ ಮೂರು ತೂತು. ಒಗೆದರೂ ತೋಳಿನ ತುದಿಯಲ್ಲಿ ಎರಡು ಮಡಿಕೆಯ ಗುರುತು ಹಾಗೇ ಉಳಿದಿತ್ತು.

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕುಳಿತರು.

"ಆವತ್ತು ನಿಮ್ಮ ಕೋಟು ಎಡಗಡೆ ಜಗ್ತಿತ್ತು ಮೇಷ್ಟ್ರೇ. ನೋಡಿದ್ದೆ," ಅಂದ ಕಾಜಾ, ತಲೆ ಎತ್ತದೆ. "ಲಾರಿ ಶಬ್ದ ಕೇಳಿ ನಂಗೂ ಜೀವ ಬಾಯಿಗೆ ಬಂದಿತ್ತು. ಹೇಳ್ಲಿಲ್ಲ."

"ಕಾಜಾ..."

"ನೀವೇನೂ ಹೇಳ್ಬೇಡಿ." ಅಂಗಿಯನ್ನು ಮೇಜಿನ ಮೇಲೆ ಹರಡಿ ಮಡಿಕೆಯ ಗುರುತನ್ನು ಹೆಬ್ಬೆರಳಿನಿಂದ ತೀಡಿದ. ಹೋಗಲಿಲ್ಲ.

"ಗಿಡ್ಡ ಕೈ ಅವನದು," ಅಂದ. "ಐದು ನಿಮಿಷ ಬಿಟ್ಟಿದ್ರೆ ತೋಳಾದ್ರೂ ಸರಿ ಮಾಡಿ ಕೊಡ್ತಿದ್ದೆ."