ಹನುಮಸಾಗರ ಹಸರ ಬಂತು

ಕುಷ್ಟಗಿ ಕಡೆ ಒಂದು ದಾಳಿಂಬ್ರಿ ಕೇಂದ್ರದಾಗ ತಾಂತ್ರಿಕ ಸಹಾಯಕ ಅದೀನ್ರಿ, ಮಾಂತೇಶ ಅಂತ. ಒಂದಿನ ಸಾಹೇಬ್ರು ಕರದು, 'ಮಾಂತೇಶ, ಈ ವರ್ಕ್‌ಫ್ಲೋ ಸಾಫ್ಟ್‌ವೇರ್ ಹಾಕಾಕ ಬರತೈತೇನು?' ಅಂದ್ರು. ಅದು ಏನಂತ ಗೊತ್ತಿಲ್ದನ 'ಅದೇನ್ ದೊಡ್ಡ ಮಾತ್ರಿ ಸರ್' ಅಂದೆ. ನನ್ನ ಬಾಯಿಗೆ ಬೀಗ ಇಲ್ಲ ನೋಡ್ರಿ, ಹುಟ್ಟಿದಾಗಿಂದ.

ತ್ವಾಟದಾಗ ಎಲಿ ಫೋಟೊ ತಗದು ಆ ಸಾಫ್ಟ್‌ವೇರಿಗೆ ಕೊಟ್ರ ಸಾಕು. ಫೋಟೊ ಕತ್ತರಸೂದು, ದುಂಡಾಣು ರೋಗದ ಚುಕ್ಕಿ ಎಣಸೂದು, ಊರೂರಿನ ನಕಾಶಿ ತಗಿಯೂದು, ಒಂದು ಮುಗದ ಮ್ಯಾಲ ಇನ್ನೊಂದನ್ನ ತಾನಾ ಹಚ್ಚತೈತಿ. ರೋಗ ಇದ್ದ ಊರು ಕೆಂಪ, ಇಲ್ಲದ್ದು ಹಸರ.

ಆದ್ರ ಅದನ್ನ ಹಾಕೂದು ಅಂದ್ರ ಜಾತಿ ಸರ್ಟಿಫಿಕೇಟಿಗೆ ಅಡ್ಡಾಡಿದಂಗ ಆತು. ಇದು ಬೇಕಂದ್ರ ಅದು ತಾ ಅಂತು. ಅದನ್ನ ತಂದ್ರ ಹಳೇದು, ಹೊಸಾದು ತಾ ಅಂತು. ಹೊಸಾದು ಹಾಕಿದ್ರ ಮೊದಲಿಂದು ಮುನಿಸಿಕೊಂಡು ಕುಂತು. ಕಡೀಕ ನಡೀತು. ಹೆಂಗ ನಡೀತೋ ಇವತ್ತಿಗೂ ನನಗ ಗೊತ್ತಿಲ್ಲ, ಆದ್ರ ಮನಿಯಾಗ ಹೆಂಡ್ತಿ ರೇಣುಕಾನ ಮುಂದ ವಿಜ್ಞಾನಿ ಆಗಿಬಿಟ್ಟೆ.

ಎಲ್ಲಾ ಊರಿನ ಫೋಟೊ ಆತು, ಹನುಮಸಾಗರ ಒಂದು ಉಳೀತು. ಅದು ಹೆಂಡ್ತಿ ತವರುಮನಿ. ಮಾವ ಹನಮಪ್ಪನೋರ ತ್ವಾಟನ ಆ ಊರಾಗ ದೊಡ್ಡದು. ಅಳಿಯಾ ಬಂದ ಅಂದ್ರ ಬಿಡ್ತಾರೇನ್ರಿ? ಅತ್ತಿ ಹೋಳಗಿ ಮ್ಯಾಲ ಹೋಳಗಿ ಹಾಕಿ ತುಪ್ಪ ಸುರದ್ರು. ಬಾಯಿ 'ಸಾಕ್ರಿ' ಅಂತಿತ್ತು, ಕೈ ಗಂಗಾಳ ಮುಂದ ಸರಸತಿತ್ತು. ಕೌದಿ ಮ್ಯಾಲ ಒರಗಿದಾಂವ ಎದ್ದಾಗ ಹೊತ್ತು ಮುಳಗಿತ್ತು. ತ್ವಾಟಕ್ಕ ಕಾಲ ಇಡಲಾರದ ಬಸ್ ಹತ್ತಿದೆ.

ಮರುದಿನ ರೈತರ ಸಭಾ. ಬೆಳಿಗ್ಗೆ ಓಡಸಿದ್ರ ಸಾಫ್ಟ್‌ವೇರ್ ನಿಂತಬಿಡ್ತು: ಹನುಮಸಾಗರದ ಫೈಲ್ ಇಲ್ಲ, ಮುಂದ ಹೋಗೂದಿಲ್ಲ. ನಾ ಶಾಣ್ಯಾ ಅಲ್ಲೇನ್ರಿ? ಚುಕ್ಕಿ ಎಣಿಸಿದ ಫೈಲ್ ಇರೂ ಜಾಗದಾಗ ಅದ ಹೆಸರಿಂದು ಒಂದು ಖಾಲಿ ಫೈಲ್ ಮಾಡಿಟ್ಟೆ. ಫೈಲ್ ಐತೋ ಇಲ್ಲೋ ಅಷ್ಟ ನೋಡ್ತು, ಒಳಗ ಏನೈತಿ ಅಂತ ನೋಡ್ಲಿಲ್ಲ. ಗಡಗಡ ಓಡ್ತು. ಚುಕ್ಕಿ ಒಂದೂ ಇಲ್ಲ ಅಂತ ಹನುಮಸಾಗರ ಹಚ್ಚ ಹಸರ ಬಂತು.

ಸಭಾದಾಗ ನಕಾಶಿ ಕಂಡಕೂಡ್ಲೆ ಮಾವ ತಲಿ ಮ್ಯಾಲಿನ ಪಟಗಾ ಸರಿಮಾಡ್ಕೊಂಡು ಎದ್ದು ನಿಂತ್ರು. 'ನೋಡ್ರಿ, ನಮ್ಮ ತ್ವಾಟಕ್ಕ ರೋಗ ಇಲ್ಲ! ಹೇಳಿದಾಂವ ಯಾರು? ನಮ್ಮ ಅಳಿಯಾ! ಟೊಂಗಿಗೆ ಗೂಟಿ ಕಟ್ಟಿ ಬೇರು ಬಿಡಿಸೇನಿ, ಹೊಸದಾಗಿ ಹಚ್ಚಾವ್ರು ಸಸಿ ಒಯ್ಯಿರಿ,' ಅಂದ್ರು. ಯಲಬುರ್ಗಾ ಕಡೆ ಕೊಟ್ರೇಶ ಮೊದಲ ಕೈ ಎತ್ತಿದ. ಅವನ ಟ್ರ್ಯಾಕ್ಟರ್ ಹೊರಗ ನಿಂತಿತ್ತು.

ಆಗ ನನಗ ಹೊಳೀತು. ಮಾವನ ಗಿಡಕ್ಕ ರೋಗ ಇದ್ರ ಸಸಿ ಜೋಡಿ ಅದೂ ಹೋಗತೈತಿ, ಕೊಟ್ರೇಶನ ಹೊಸಾ ತ್ವಾಟ ಹಾಳು. ಇರಲಿಕ್ಕಿಲ್ಲ ಬಿಡು ಅಂತ ಸುಮ್ಮ ಕುಂತೆ. ಕೊಟ್ರೇಶ ಬಂದು ಎರಡೂ ಕೈಲೆ ನನ್ನ ಕೈ ಹಿಡದು 'ಭಾಳ ಉಪಕಾರ ಆತ್ರಿ ಸರ್' ಅಂದ. ನನಗ ಸರ್ ಅಂದಾಂವ ಅವನ ಮೊದಲು. ಕುಂಡ್ರಾಕ ಆಗಲಿಲ್ಲ.

'ಮಾವಾರ, ಆ ಹಸರ ಸುಳ್ಳರಿ. ನಾ ಎಲಿ ನೋಡೇ ಇಲ್ಲ. ಹೋಳಗಿ ಉಂಡು ಮಕ್ಕೊಂಡಿದ್ದೆ,' ಅಂದೆ. ನನ್ನ ಮುಂದಿನ ಮೈಕ್ ಚಾಲೂ ಇತ್ತು. ಸಭಾ ಬಿದ್ದು ಬಿದ್ದು ನಕ್ತು. ಸಾಹೇಬ್ರು ನಗಲಿಲ್ಲ. ಮಾವಾನೂ ನಗಲಿಲ್ಲ. ಅವರ ಮಾರಿ ನೋಡಾಕ ನನಗ ಧೈರ್ಯ ಬರಲಿಲ್ಲ.

'ನಡ್ರಿ ತ್ವಾಟಕ್ಕ,' ಅಂದ್ರು ಮಾವ, ಅಷ್ಟ. ಕೊಟ್ರೇಶನ ಟ್ರ್ಯಾಕ್ಟರಿನ್ಯಾಗ ಹೋದ್ವಿ. ಅತ್ತಿ ಬಾಗಲದಾಗ ನಿಂತು 'ಉಂಡು ಹೋಗ್ರಿ' ಅಂದ್ರು. 'ಇವತ್ತ ಅಳಿಯಾರಿಗೆ ಏನೂ ಹಾಕಬ್ಯಾಡ,' ಅಂದ್ರು ಮಾವ.

ಮೊದಲ ಸಾಲಿನಾಗ ಏನೂ ಕಾಣಲಿಲ್ಲ. ಮಾವನ ಮಾರಿ ಅರಳ್ತು, ನಂದೂ ಅರಳ್ತು. ಬಾವಿ ಕಡೆ ಸಾಲಿನಾಗ ಒಂದು ಎಲಿ ಹೊಳ್ಳಿಸಿದೆ. ಕರೀ ಚುಕ್ಕಿ, ಸುತ್ತ ಹಳದಿ ಗೆರಿ. ಮುಂದಿನ ಗಿಡಕ್ಕೂ ಇತ್ತು. ಗೂಟಿ ಕಟ್ಟಿದ್ದೂ ಅದ ಸಾಲಿಗೆ.

'ಇದು ಕೆಂಪ ಬರತೈತೇನ್ರಿ?' ಸಣ್ಣ ದನಿಲೆ ಕೇಳಿದ್ರು ಮಾವ.

'ಹೂನ್ರಿ ಮಾವಾರ.'

ಮಾವ ಆ ಗಿಡದ ಗೂಟಿ ಒಂದೊಂದಾಗಿ ಬಿಚ್ಚಿದ್ರು. ಆಮ್ಯಾಲ, 'ತಮ್ಮಾ ಕೊಟ್ರೇಶ, ಖಾಲಿ ಟ್ರ್ಯಾಕ್ಟರ್ ಹೊಡ್ಕೊಂಡು ಹೋಗಪಾ,' ಅಂದು ನನ್ನ ಕಡೆ ತಿರುಗಿದ್ರು.

'ಛಲೋ ಆತು ಅಳಿಯಾರ, ನಿಮ್ಮ ಬಾಯಿಗೆ ಬೀಗ ಇಲ್ಲದ್ದು.'