ಹಿಂಗಾವಲು

ಸೋದರತ್ತೆಯಂದಿರ ಮನೆಗೆ ಹೋಗುವುದೆಂದರೆ ಹತ್ತಿಗೆ ಜೀವ ಬಾಯಿಗೆ ಬರುತ್ತಿತ್ತು. ಹತ್ತಿ ಎನ್ನುವುದು ಅವಳ ಹೆಸರಲ್ಲ. ನಡೆದರೆ ಸದ್ದಾಗದು, ಮಾತಾಡಿದರೆ ಕೇಳಿಸದು ಎಂದು ದೊಡ್ಡಪ್ಪ ಚಿಕ್ಕಂದಿನಲ್ಲಿ ಕರೆದದ್ದೇ ನಿಂತುಬಿಟ್ಟಿತ್ತು. ಕಾಲೇಜಿಗೆಂದು ಅವರ ಮನೆಗೆ ಬಂದವಳು ಓದು ಮುಗಿದರೂ ಅಲ್ಲೇ ಉಳಿದಿದ್ದಳು. ಕನ್ನಡಕದ ಅಂಗಡಿಯ ಹಿಂಕೋಣೆಯಲ್ಲಿ, ಗಾಜಿನ ಅಂಚು ಉಜ್ಜುವ ಯಂತ್ರದ ಮುಂದೆ ಕೂತರೆ ಅವಳಿಗೆ ಹೊತ್ತು ಹೋದದ್ದೇ ತಿಳಿಯದು. ಗಾಜು ಪ್ರಶ್ನೆ ಕೇಳುವುದಿಲ್ಲವಲ್ಲ! ಅತ್ತೆಯಂದಿರು ಕೇಳುತ್ತಾರೆ. ಒಂದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಇನ್ನೊಂದು ಬಂದು ಬೀಳುತ್ತದೆ. ಅವಳ ಕಿವಿ ಕೆಂಪಾಗಿ, ನಾಲಗೆ ಅಂಗುಳಕ್ಕೆ ಅಂಟಿ, ಕೊನೆಗೆ ಕಣ್ಣು ತುಂಬಿಕೊಳ್ಳುತ್ತದೆ.

ಒಮ್ಮೆ ಹಾಗೆ ಅತ್ತುಕೊಂಡು ಬಂದ ದಿನ ದೊಡ್ಡಪ್ಪ ಪಕ್ಕದಲ್ಲಿ ಕೂತು ಕೇಳಿದ್ದರು. ಅವರು ಸೈನ್ಯದಲ್ಲಿ ಸೇತುವೆ ಕಟ್ಟುವ, ಬೇಕಾದರೆ ಉರುಳಿಸುವ ದಳದಲ್ಲಿದ್ದವರು.

"ಹಿಂಗಾವಲು ಅಂದ್ರೆ ಗೊತ್ತೇನೇ?"

"ಹಿಂದೆ ನಿಂತು ಕಾಯೋದಾ?"

"ಕಾಯೋದಲ್ಲ, ಸತಾಯಿಸೋದು. ಪಡೆ ಹಿಂದಕ್ಕೆ ಹೊರಟಾಗ ನಾಲ್ಕು ಜನ ಉಳ್ಕೋತಾರೆ. ಗೆಲ್ಲೋಕಲ್ಲ. ಶತ್ರು ನಮ್ಮೋರ ಬೆನ್ನು ಹತ್ತದ ಹಾಗೆ ತಡ ಮಾಡ್ಸೋಕೆ. ಒಂದು ಗುಂಡು ಇಲ್ಲಿಂದ, ಒಂದು ಅಲ್ಲಿಂದ. ಎದುರಿಗೆ ದೊಡ್ಡ ದಂಡೇ ಇದೆ ಅಂತ ಅವನಿಗೆ ಅನ್ನಿಸ್ಬೇಕು."

"ಮತ್ತೆ ಆ ನಾಲ್ಕು ಜನ ಬರೋದು ಯಾವಾಗ?"

"ಎಲ್ಲರೂ ಹೊಳೆ ದಾಟಿದ್ರು ಅಂತ ಆಚೆ ದಡದಿಂದ ಸುದ್ದಿ ಬಂದ ಮೇಲೆ. ಅಲ್ಲೀವರೆಗೂ ಕದಲೋ ಹಾಗಿಲ್ಲ." ಅಂಗೈ ತಿರುಗಿಸಿ ನೋಡಿಕೊಂಡರು. "ದಾಟಿದೋರು ಸುಸ್ತಾಗಿರ್ತಾರೆ ನೋಡು. ಸುದ್ದಿ ಕಳಿಸೋದು ಮರೀತಾರೆ. ಒಂದ್ಸಲ ಮರೆತ್ರು."

ಯಾರನ್ನೂ ದೂರುವ ದನಿಯಲ್ಲ ಅದು. ಆ ಸಲ ಉಳಿದವರಲ್ಲಿ ತಿರುಗಿ ಬಂದದ್ದು ದೊಡ್ಡಪ್ಪ ಒಬ್ಬರೇ ಎಂಬುದು ಅವಳಿಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ.

ಅಂದಿನಿಂದ ಅತ್ತೆಯಂದಿರ ಮನೆಯಲ್ಲಿ ದೊಡ್ಡಪ್ಪನೇ ಹಿಂಗಾವಲು. ಹತ್ತಿಯ ಕಿವಿ ಕೆಂಪಾದದ್ದು ಕಂಡರೆ ಸಾಕು, ತಂಗಿಯರಿಬ್ಬರನ್ನೂ ಹಿಡಿದು ಕೂರಿಸುವ ಯಾವುದಾದರೂ ಕಥೆ ಶುರುಮಾಡುವರು. ಇವಳು ಚಪ್ಪಲಿ ಮೆಟ್ಟಿ ಮಾಯ. ಮನೆ ಸೇರಿ ಅವರ ಫೋನಿಗೆ ಒಂದು ರಿಂಗ್ ಕೊಟ್ಟರೆ, "ಅಯ್ಯೋ, ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ!" ಎಂದು ಅವರೂ ಎದ್ದುಬಿಡುವರು. ಹೊರಡುವಾಗ ಒಲೆಯ ಮೇಲಿಟ್ಟ ಹಾಲು ಇಷ್ಟು ಹೊತ್ತು ಏನಾಗಿರಬಹುದು ಎಂದು ಅತ್ತೆಯಂದಿರು ಇದುವರೆಗೂ ಯೋಚಿಸಿದವರಲ್ಲ.

ಈ ಭಾನುವಾರ ಮಾತ್ರ ಹೋಗುವುದು ಬೇಡ ಎಂದು ಹತ್ತಿ ಗೋಗರೆದಿದ್ದಳು. ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆ ಸೇರಿದ್ದ ದೊಡ್ಡಪ್ಪ ಮನೆಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಮಾತು ಕಡಿಮೆ ಮಾಡಿ ಎಂದು ಡಾಕ್ಟರು ಕೈಮುಗಿದೇ ಹೇಳಿದ್ದರು. ಆದರೆ ದೊಡ್ಡತ್ತೆಯ ಗಂಡ ನಿವೃತ್ತರಾದ ಸಂತೋಷಕ್ಕೆ ಇಟ್ಟುಕೊಂಡ ಊಟ. "ನಿನ್ನೊಬ್ಬಳನ್ನೇ ಕಳಿಸ್ಲಾ?" ಎಂದು ದೊಡ್ಡಪ್ಪ ಅಂಗಿ ಹಾಕಿಕೊಂಡೇಬಿಟ್ಟರು.

ಊಟವಾದದ್ದೇ ಚಿಕ್ಕತ್ತೆ ಕುರ್ಚಿ ಎಳೆದುಕೊಂಡರು. "ಏನೇ ಹತ್ತಿ, ಇಷ್ಟು ಓದಿ ಆ ಗಾಜಿನ ಜೊತೇಲೇ ಸಂಸಾರ ಮಾಡ್ತೀಯಾ? ಅದರಲ್ಲೇನು ಸುಖ ಇದೆ, ಹೇಳು ನೋಡೋಣ."

"ಅದಿರಲಿ, ನಿನ್ನ ಗಂಡ ಸೈಕಲ್ ಕಲಿತದ್ದು ಹೇಳಿದ್ನಾ?" ಎಂದರು ದೊಡ್ಡಪ್ಪ.

ಹತ್ತಿ ಹೊರಬಿದ್ದಳು. ಮನೆಗೆ ಬಂದು, ಬಾಗಿಲಿಗೆ ಒರಗಿ, ಎಂದಿನಂತೆ ರಿಂಗ್ ಕೊಟ್ಟಳು.

ಅವಳ ಚೀಲವೇ ಗುಣುಗುಟ್ಟಿತು.

ಊಟಕ್ಕೆ ಕೂರುವಾಗ ಜೇಬು ಭಾರ ಎಂದು ದೊಡ್ಡಪ್ಪ ಕೊಟ್ಟ ಫೋನು ಅಲ್ಲಿತ್ತು. ಅದರ ಪಕ್ಕದಲ್ಲೇ ಅವರು ಮಧ್ಯಾಹ್ನ ನುಂಗಬೇಕಾಗಿದ್ದ ಮಾತ್ರೆ. ಅತ್ತೆಯಂದಿರ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದಳು. ದೊಡ್ಡತ್ತೆ ಎತ್ತಿದರು.

"ಹಲೋ, ಯಾರು? ಯಾರ್ರೀ ಅದು?"

ಹಿಂದಿನಿಂದ ಉದ್ದನೆಯ ಕೆಮ್ಮು. ಆಮೇಲೆ ಸವೆದ ದನಿ: "ಹಾಂ... ಎಲ್ಲಿದ್ದೆ ನಾನು? ಸೈಕಲ್ಲು ಚರಂಡೀಲಿ..." ಹತ್ತಿ ಬಾಯಿ ತೆರೆದಳು, ಬಂದದ್ದು ಉಸಿರೊಂದೇ. ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು.

"ಬರೀ ಉಸಿರು ಬಿಡ್ತಾವೆ, ಯಾವುದೋ ತಲೆಹರಟೆ!" ಎಂದು ದೊಡ್ಡತ್ತೆ ಇಟ್ಟೇಬಿಟ್ಟರು.

ಸುದ್ದಿ ಮುಟ್ಟದೆ ದೊಡ್ಡಪ್ಪ ಏಳುವವರಲ್ಲ. ಉಸಿರು ನಿಂತರೂ ಸೈಕಲ್ಲು ನಿಲ್ಲಿಸುವವರಲ್ಲ. ಹತ್ತಿ ಬಿಟ್ಟ ಚಪ್ಪಲಿಯನ್ನೇ ಮತ್ತೆ ಮೆಟ್ಟಿ ಓಡಿದಳು.

ಬಾಗಿಲಲ್ಲಿ ನಿಂತಾಗ ಎಲ್ಲರ ಮುಖವೂ ಇವಳ ಕಡೆಗೆ. ದೊಡ್ಡಪ್ಪ ಕುರ್ಚಿಯ ತೋಳನ್ನು ಒತ್ತಿ ಹಿಡಿದಿದ್ದರು, ತುಟಿ ಒಣಗಿತ್ತು.

"ಅಯ್ಯೋ, ಹೋದೋಳು ವಾಪಸ್ ಬಂದ್ಲಲ್ಲ! ಏನು ಮರೆತೆ?" ಎಂದರು ಚಿಕ್ಕತ್ತೆ.

"ದೊಡ್ಡಪ್ಪನ್ನ."

ಮಾತು ಗೋಡೆಗೆ ಬಡಿದು ಬಂದಂತೆ ಅವಳಿಗೇ ಕೇಳಿಸಿತು. ಎಲ್ಲರೂ ಗೊಳ್ಳೆಂದು ನಕ್ಕರು. ನಗು ಮುಗಿಯುವವರೆಗೆ ನಿಂತು, ದೊಡ್ಡಪ್ಪನ ಹತ್ತಿರ ಹೋಗಿ ಮಾತ್ರೆ, ನೀರು ಕೊಟ್ಟು, ಫೋನನ್ನು ಅವರ ಜೇಬಿಗೆ ಹಾಕಿದಳು. "ನಾನು ಮನೆ ಮುಟ್ಟಿದ್ದೆ ದೊಡ್ಡಪ್ಪ. ಹೇಳೋಕೆ ಬಂದೆ. ಏಳಿ."

ಅವರು ಅವಳನ್ನೇ ನೋಡಿದರು. ಬಿಗಿದಿದ್ದ ಭುಜ ಮೆಲ್ಲಗೆ ಇಳಿಯಿತು. ದೊಡ್ಡಪ್ಪ ಎದ್ದು ನಿಂತದ್ದೇ ಚಿಕ್ಕತ್ತೆ ಅವರ ತೋಳು ಹಿಡಿದುಕೊಂಡರು. "ಕಥೆ ಮುಗೀದೆ ಎಲ್ಲಿಗಣ್ಣ? ಕೂತ್ಕೋ!"

ಹತ್ತಿ ಆ ಖಾಲಿ ಕುರ್ಚಿಯಲ್ಲಿ ಕೂತಳು. ಕಿವಿ ಕಾಯುತ್ತಿತ್ತು. ಕಾಯಲಿ.

"ಅತ್ತೆ, ಗಾಜಿನಲ್ಲೇನು ಸುಖ ಅಂದ್ರಲ್ಲ. ಹೊಸ ಕನ್ನಡಕ ಹಾಕ್ಕೊಂಡೋರು ಮೊದಲು ಏನು ನೋಡ್ತಾರೆ, ಹೇಳಿ?"

"ಕನ್ನಡಿ, ಇನ್ನೇನು!"

"ಅಲ್ಲ. ಜೊತೇಲಿ ಬಂದೋರ ಮುಖ. ನಾನು ಹಿಂಕೋಣೆ ಬಾಗಿಲ ಸಂದಿಯಿಂದ ದಿನಾ ನೋಡ್ತೀನಿ. ಒಬ್ಬರು ಅಜ್ಜಿ ಗಂಡನ್ನ ನೋಡಿ, ಇಷ್ಟು ಮುದುಕ ಯಾವಾಗ ಆದ್ರಿ, ನಂಗೊಂದು ಮಾತು ಹೇಳಬಾರದಿತ್ತಾ ಅಂತ ಅತ್ತೇಬಿಟ್ರು."

ಚಿಕ್ಕತ್ತೆಯ ಕೈ ಅಣ್ಣನ ತೋಳಿನಿಂದ ತಾನಾಗಿ ಜಾರಿತು. ದೊಡ್ಡತ್ತೆ ಸೆರಗಿಗೆ ತಮ್ಮ ಕನ್ನಡಕ ಒರೆಸಿಕೊಂಡು ಹತ್ತಿರ ಸರಿದರು.

ಮೆಟ್ಟಿಲ ಮೇಲೆ ದೊಡ್ಡಪ್ಪನ ಹೆಜ್ಜೆ ಒಂದೊಂದಾಗಿ ಇಳಿದು ಹೋಗುತ್ತಿತ್ತು. ಹತ್ತಿ ಅದನ್ನು ಆಲಿಸುತ್ತಲೇ ಅವಸರವಿಲ್ಲದೆ ಕಥೆ ಮುಂದುವರಿಸಿದಳು.

"ಆಮೇಲೆ?" ಎಂದರು ಚಿಕ್ಕತ್ತೆ. "ಆ ಮುದುಕಪ್ಪ ಏನಂದ್ರು?"