ಗೋಡೆಗೆ ಮುಖ ಮಾಡಿದ ಕುರ್ಚಿ

ಎರಡು ನಿಮಿಷ ಏಳು ಸೆಕೆಂಡಿನ ಆ ವಿಡಿಯೊವನ್ನು ಕನ್ನಡಕದಂಗಡಿಯವನು ಬೆಳಗಿನಿಂದ ಹದಿನೆಂಟು ಸಲ ನೋಡಿದ್ದ. ಹತ್ತೊಂಬತ್ತನೆಯ ಸಲಕ್ಕೆ ಮಾತು ಕಿವಿಗೆ ಬೀಳುವುದೇ ನಿಂತು, ಮಾತಾಡುವವರ ಬೆನ್ನ ಹಿಂದಿನ ಗೋಡೆಯೊಂದೇ ಕಣ್ಣಿಗೆ ಉಳಿಯಿತು. ಗೋಡೆಯ ಬಳಿ ಒಂದು ಮರದ ಕುರ್ಚಿ. ಅದು ಗೋಡೆಗೆ ಮುಖ ಮಾಡಿತ್ತು.

“ಸಿಕ್ಕಿಬಿಡ್ತು!” ಎಂದು ಯಾರೂ ಇಲ್ಲದ ಅಂಗಡಿಯಲ್ಲಿ ಗಟ್ಟಿಯಾಗಿಯೇ ಹೇಳಿದ.

ವಿಡಿಯೊದಲ್ಲಿ ಇದ್ದವರು ‘ಮುಳುಗಿದ ಮನೆ’ ಎಂಬ ಕಂಪ್ಯೂಟರ್ ಆಟವನ್ನು ಇಪ್ಪತ್ತು ವರ್ಷಗಳಲ್ಲಿ ಐದು ಭಾಗಗಳಾಗಿ ಕಟ್ಟಿದ ಮುಖ್ಯಸ್ಥರು. ಆಡುವವರೆಲ್ಲ ಅವರನ್ನು ಯಜಮಾನರು ಎನ್ನುತ್ತಿದ್ದರು. ಆರನೆಯ ಭಾಗ ಅರ್ಧಕ್ಕೆ ನಿಂತಿರುವಾಗಲೇ ಅವರು ಇಂದು ಬೆಳಗ್ಗೆ ಹತ್ತು ಗಂಟೆಗೆ ಕಾಣಿಸಿಕೊಂಡು, ಈ ಮನೆಯ ಬೀಗದಕೈಯನ್ನು ಬೇರೆಯವರಿಗೆ ಕೊಡುತ್ತಿದ್ದೇನೆ ಎಂದು ಹೇಳಿ ಎದ್ದು ಹೋಗಿದ್ದರು. ಯಾರಿಗೆ, ಯಾಕೆ ಎಂಬ ಮಾತೇ ಇರಲಿಲ್ಲ.

ಆ ಆಟದಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ನೀರಿನಡಿಯ ದೊಡ್ಡ ಮನೆಯೊಂದರಲ್ಲಿ ಕೋಣೆಯಿಂದ ಕೋಣೆಗೆ ಹೋಗುತ್ತ, ಅಲ್ಲಿಟ್ಟ ವಸ್ತುಗಳನ್ನು ನೋಡಿ, ಒಂದು ಕಾಲದಲ್ಲಿ ಅಲ್ಲಿ ಬಾಳಿದವರ ಕಥೆಯನ್ನು ಆಡುವವರೇ ಅರಿಯಬೇಕು. ಮಗುಚಿಟ್ಟ ಬಟ್ಟಲೆಂದರೆ ಆ ಮನೆಯಲ್ಲಿ ಸಾವಾಗಿದೆ. ಗೋಡೆಗೆ ಮುಖ ಮಾಡಿದ ಕುರ್ಚಿಯೆಂದರೆ ಒಳಗಿನವರೇ ದ್ರೋಹ ಬಗೆದಿದ್ದಾರೆ. ಯಜಮಾನರು ಕಾರಣವಿಲ್ಲದೆ ಒಂದು ಚಮಚವನ್ನೂ ಇಡುವವರಲ್ಲ ಎಂಬುದು ಅಭಿಮಾನಿಗಳ ಪಾಲಿಗೆ ವೇದವಾಕ್ಯ. ಅವರೆಲ್ಲ ಕೂಡುವ ಅಂತರ್ಜಾಲದ ತಾಣಕ್ಕೆ ‘ಜಗುಲಿ’ ಎಂದು ಹೆಸರು. ಆ ಜಗುಲಿಯಲ್ಲಿ ಹನ್ನೊಂದು ವರ್ಷಗಳಿಂದ ಒಂದೊಂದು ಕೋಣೆಗೂ ಪುಟಗಟ್ಟಲೆ ಅರ್ಥ ಬಿಡಿಸಿ ಬರೆಯುತ್ತ ಬಂದವನು ಈ ಕನ್ನಡಕದಂಗಡಿಯವನು. ಅಲ್ಲಿ ಅವನ ಹೆಸರು ಭಾಷ್ಯಕಾರ. ಆ ಹೆಸರಿನ ಹಿಂದಿನ ಮುಖ ಯಾರಿಗೂ ಗೊತ್ತಿರಲಿಲ್ಲ, ಮನೆಯವರಿಗೂ ಕೂಡ.

ಮನೆಯವರಿಗೆ ಹೇಳದಿರಲು ಕಾರಣವಿತ್ತು. ಅವನ ಅಕ್ಕ ಆ ಆಟದ ಕಂಪನಿಯಲ್ಲೇ ಕೆಲಸಕ್ಕಿದ್ದಳು. ಕೋಣೆಗಳಲ್ಲಿ ವಸ್ತುಗಳನ್ನು ಹೊಂದಿಸುವುದು ಅವಳ ಕೆಲಸ. ಅವಳು ಸೇರಿದ ದಿನವೇ ಮನೆಯೊಳಗೆ ಆಟದ ಮಾತು ಕೂಡದೆಂದು ಕರಾರಾಗಿತ್ತು. ಅವಳು ಹೇಳುತ್ತಿರಲಿಲ್ಲ, ಅವನು ಕೇಳುತ್ತಿರಲಿಲ್ಲ.

ಹನ್ನೆರಡು ಗಂಟೆಗೆ ಅವನ ಬರಹ ಜಗುಲಿಗೆ ಬಿತ್ತು. ‘ಕುರ್ಚಿಯನ್ನು ನೋಡಿ. ಯಜಮಾನರು ಹೋದದ್ದಲ್ಲ, ಹೊರದೂಡಲ್ಪಟ್ಟದ್ದು. ಅವರ ಕಣ್ಣನ್ನೂ ನೋಡಿ. ಒಮ್ಮೆಯಾದರೂ ಕ್ಯಾಮೆರಾವನ್ನು ನೇರವಾಗಿ ನೋಡುತ್ತಾರೆಯೇ? ಅದರ ಎಡಪಕ್ಕಕ್ಕೆ ನೋಡುತ್ತಾರೆ. ಅಲ್ಲಿ ನಿಂತು ಅವರಿಂದ ಈ ಮಾತನ್ನು ಆಡಿಸುತ್ತಿರುವವರು ಯಾರು?’

ಪ್ರಶ್ನೆ ಕೇಳುವುದು ಭಾಷ್ಯಕಾರನ ಕೆಲಸ, ಉತ್ತರ ಹುಡುಕುವುದು ಜಗುಲಿಯ ಕೆಲಸ. ಒಂದೂವರೆ ಗಂಟೆಗೆ ಯಾರೋ ಒಬ್ಬರು, ಗೋಡೆಯ ಗಡಿಯಾರದ ಗಾಜಿನಲ್ಲಿ ಮೂಡಿದ್ದ ಪ್ರತಿಬಿಂಬವನ್ನು ಹಿಗ್ಗಿಸಿ ಹಾಕಿದರು. ಕ್ಯಾಮೆರಾದ ಎಡಗಡೆ ಒಬ್ಬ ಹೆಂಗಸು. ಮುಖ ಮಸುಕು. ನೀಲಿ ಚೌಕಟ್ಟಿನ ಕನ್ನಡಕವೊಂದು ಮಾತ್ರ ಸ್ಪಷ್ಟವಾಗಿತ್ತು. ಅದು ಬಲಗಡೆಗೆ ಕೂದಲೆಳೆಯಷ್ಟು ಇಳಿದಿತ್ತು.

ಅವನ ಕೈಯಲ್ಲಿದ್ದ ಲೆನ್ಸು ಮೇಜಿನ ಮೇಲೆ ಬಿತ್ತು.

ಆ ಕನ್ನಡಕವನ್ನು ಮಾಡಿದವನು ಅವನೇ. ಅದರ ಬಲಗಡೆಯ ಕಡ್ಡಿಯ ತಿರುಪು ಸಡಿಲವಾಗಿದೆ, ಬಿಗಿ ಮಾಡಿಕೊಡೋ ಎಂದು ಅಕ್ಕ ಮೂರು ದಿನದಿಂದ ಹೇಳುತ್ತಿದ್ದಳು. ನಾಳೆ ನಾಳೆ ಎಂದು ಇವನು ತಳ್ಳುತ್ತ ಬಂದಿದ್ದ.

ಎರಡು ಗಂಟೆಯೊಳಗೆ ಜಗುಲಿಯಲ್ಲಿ ಅಕ್ಕನ ಹೆಸರಿತ್ತು, ಆಟದ ಕೊನೆಯಲ್ಲಿ ಸಾಗುವ ಕೆಲಸಗಾರರ ಹೆಸರುಪಟ್ಟಿಯಿಂದ, ನೀಲಿ ಕನ್ನಡಕದ ಹಳೆಯ ಫೋಟೊ ತಾಳೆ ನೋಡಿ ಹೆಕ್ಕಿದ್ದು. ಅನಂತರ ಅವಳ ಸ್ಕೂಟರಿನ ಚಿತ್ರ ಬಂತು. ಅನಂತರ ಬೀದಿಯ ಹೆಸರು. ‘ಇವಳೇ ದ್ರೋಹಿ. ಐದು ಗಂಟೆಗೆ ಎಲ್ಲರೂ ಮನೆಯ ಮುಂದೆ ಸೇರೋಣ. ಮಾತು ಬೇಡ. ಕುರ್ಚಿ ತನ್ನಿ.’ ಅದರ ಕೆಳಗೆ ಹೂಂಗುಟ್ಟಿದವರು ನೂರಾರು.

ಅವನು ಆ ಕ್ಷಣವೇ ಬರೆದ: ‘ನಾನು ಬರೆದದ್ದು ತಪ್ಪು. ಆ ಹೆಂಗಸಿಗೂ ಇದಕ್ಕೂ ಸಂಬಂಧವಿಲ್ಲ. ದಯವಿಟ್ಟು ಬಿಟ್ಟುಬಿಡಿ.’

ಬಿಡುವವರೇ ಅವರು? ಅವರಿಗೆ ಓದುವುದನ್ನು ಕಲಿಸಿದವನು ಇವನಲ್ಲವೇ! ‘ಭಾಷ್ಯಕಾರರು ಮೂರು ಪುಟಕ್ಕೆ ಕಡಮೆ ಬರೆದದ್ದುಂಟೇ? ಇದು ಮೂರೇ ಸಾಲು. ಸಾಲಿಗೊಂದು ಪುಟ ನುಂಗಿಸಿ ಬಾಯಿ ಮುಚ್ಚಿಸಿದ್ದಾರೆಂದು ಅರ್ಥ’ ಎಂದು ಒಬ್ಬ ಬರೆದ. ‘ದಯವಿಟ್ಟು ಎಂಬ ಪದ ಹನ್ನೊಂದು ವರ್ಷಗಳಲ್ಲಿ ಇದೇ ಮೊದಲು’ ಎಂದು ಇನ್ನೊಬ್ಬ. ಮೂರನೆಯವನು, ‘ಅವರನ್ನೂ ಬೆದರಿಸಿದ್ದಾರೆ. ಐದು ಗಂಟೆ ಬೇಡ, ನಾಲ್ಕೂವರೆಗೇ ಹೊರಡಿ’ ಎಂದ.

ಆಗ ಅಂಗಡಿಯ ಬಾಗಿಲು ತಳ್ಳಿಕೊಂಡು ಒಬ್ಬ ಅಜ್ಜಿ ಬಂದಳು. ದಪ್ಪಗಾಜಿನ ಕನ್ನಡಕವನ್ನು ತೆಗೆದುಕೊಂಡು ಹೋಗಲು ಬಂದಿದ್ದವಳು.

“ಆಯ್ತೇನಪ್ಪಾ ನಂದು?”

“ಆಯ್ತಜ್ಜಿ, ಕೂತ್ಕೊಳ್ಳಿ.” ಕನ್ನಡಕವನ್ನು ಅವಳ ಕಿವಿಗೇರಿಸಿದ. ಅವಳು ಇವನ ಮುಖ ನೋಡಲೆಂದು ತಲೆಯನ್ನು ಸ್ವಲ್ಪ ತಿರುಗಿಸಿ ಇವನ ಕಿವಿಯನ್ನು ನೋಡಿದಳು.

“ಈಗ ಕಂಡೆ ನೋಡು. ಕ್ಷೌರ ಮಾಡಿಸ್ಕೋ ಮಾರಾಯ. ಎದುರಿಗಿರೋದನ್ನ ನೋಡ್ಬೇಕು ಅಂದ್ರೆ ಪಕ್ಕಕ್ಕೆ ನೋಡ್ಬೇಕು ನಾನು. ನಡುವೆ ಬರೀ ಹೊಗೆ. ಡಾಕ್ಟ್ರು ಹೇಳಿದ್ರು, ಇನ್ನು ಇಷ್ಟೇ ಅಂತ.”

ಇಂಥವರು ತಿಂಗಳಿಗೆ ನಾಲ್ಕು ಮಂದಿಯಾದರೂ ಅವನ ಮುಂದೆ ಕೂರುತ್ತಿದ್ದರು. ಕಣ್ಣಿನ ನಡುಭಾಗ ಸವೆದವರು. ಅವರು ಬಾಗಿಲು ದಾಟುವಷ್ಟರಲ್ಲೇ ಅವನಿಗೆ ಗೊತ್ತಾಗುತ್ತಿತ್ತು. ಅವನು ಮೊಬೈಲನ್ನು ಎತ್ತಿ ಇಪ್ಪತ್ತನೆಯ ಸಲ ವಿಡಿಯೊ ಹಾಕಿದ. ಈ ಸಲ ಗೋಡೆಯನ್ನು ನೋಡಲಿಲ್ಲ, ಮನುಷ್ಯನನ್ನು ನೋಡಿದ. ಯಜಮಾನರು ಯಾರಿಗೂ ಹೆದರಿ ಪಕ್ಕಕ್ಕೆ ನೋಡುತ್ತಿರಲಿಲ್ಲ. ಕ್ಯಾಮೆರಾವನ್ನು ನೋಡಲೆಂದೇ ಪಕ್ಕಕ್ಕೆ ನೋಡುತ್ತಿದ್ದರು.

ಅಜ್ಜಿಯನ್ನು ರಸ್ತೆ ದಾಟಿಸಿ, ಅಂಗಡಿಗೆ ಬೀಗ ಹಾಕಿ, ಮನೆಗೆ ಓಡಿದ.

ಮನೆಯಲ್ಲಿ ಕಿಟಕಿಯ ಪರದೆಗಳನ್ನೆಲ್ಲ ಎಳೆದಿತ್ತು. ಅಕ್ಕ ಊಟದ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಒಗೆದ ಬಟ್ಟೆಯ ಬಕೆಟ್ಟು ಹಿಡಿದ ಅಮ್ಮ ನಡುಮನೆಯಲ್ಲಿ ನಿಂತು, “ಹೊರಗೆ ಒಣಹಾಕ್ಬೇಡ ಅಂತಾಳೆ ಇವಳು. ಬೀದೀಲಿ ಹುಲಿ ಬಂದಿದೆಯಾ?” ಎಂದು ಗೊಣಗುತ್ತಿದ್ದಳು.

“ಬರೋದಿದೆ ಅಮ್ಮ,” ಎಂದಳು ಅಕ್ಕ. ತಮ್ಮನ ಕಡೆ ತಿರುಗಿದಳು. “ಆಫೀಸಿನ ಹಿಂದಿನ ಬಾಗಿಲಿಂದ ಕಳಿಸಿದ್ರು ಕಣೋ ನನ್ನ. ಕರಾರು ಮುರೀತಿದೀನಿ, ಕೇಳಿಸ್ಕೋ. ಆರನೇ ಭಾಗಾನ ನನ್ನ ಕೈಗೆ ಕೊಟ್ಟಿದಾರೆ ಯಜಮಾನರು. ಒಪ್ಪಿಗೆ ಹೇಳೋಕೆ ಆರು ಗಂಟೆ ತನಕ ಟೈಮಿದೆ. ಬೇಡ ಅಂತ ಬರೀತಾ ಇದೀನಿ.”

“ಬೇಡ ಅಂತಾನಾ? ಯಾಕಕ್ಕಾ!”

“ಯಾಕೆ ಅಂದ್ರೆ ಅಮ್ಮ ಈ ಬೀದೀಲಿ ಬಾಳ್ಬೇಕು, ಅದಕ್ಕೆ.” ಕನ್ನಡಕ ಮೂಗಿನಿಂದ ಜಾರಿತು, ಬೆರಳಿನಿಂದ ಮೇಲಕ್ಕೆ ನೂಕಿದಳು. “ಯಾರೋ ಭಾಷ್ಯಕಾರ ಅಂತೆ. ಭಾರಿ ಬುದ್ಧಿವಂತ. ಅವರ ಕಣ್ಣನ್ನ ಅಷ್ಟು ಚೆನ್ನಾಗಿ ನೋಡಿದಾನೆ, ಆದ್ರೆ ಏನು ನೋಡ್ದೆ ಅಂತಾನೇ ಗೊತ್ತಾಗಿಲ್ಲ ಮಹಾಶಯನಿಗೆ.”

“ಅವರಿಗೆ ಕಣ್ಣು...” ಎಂದ.

ಅಕ್ಕ ದಿಢೀರನೆ ತಲೆಯೆತ್ತಿದಳು.

“ಅದನ್ನ ಎಲ್ಲಾದ್ರೂ ಬಾಯಿಬಿಟ್ಟೆ ಅಂದ್ರೆ ನಾನು ನಿನ್ನ ಅಕ್ಕ ಅಲ್ಲ. ನನ್ನ ಕೈ ಹಿಡ್ಕೊಂಡು ಕೇಳ್ಕೊಂಡಿದಾರೆ. ಗೊತ್ತಾದ್ರೆ ಐದೂ ಭಾಗಾನ ತಿರುಗಿಸಿ ತಿರುಗಿಸಿ ನೋಡಿ, ಇಲ್ಲಿ ಕತ್ತಲಿದೆ, ಅಲ್ಲಿ ಮಂಜಿದೆ, ಎಲ್ಲಾ ಕುರುಡನ ಆಟ ಅಂತಾರೆ. ಹಾಗಾಗ್ಬಾರದು ಅಂತ.”

“ಕುರ್ಚಿ?”

“ಬಾಗಿಲಿಂದ ಮೇಜಿಗೆ ಆರು ಹೆಜ್ಜೆ. ನಡುವೆ ಏನಾದ್ರೂ ಅವರ ಕೈಗೆ ಸಿಗ್ಬೇಕಲ್ಲಪ್ಪ. ಕುರ್ಚಿ ಬೆನ್ನು ಈಚೆ ಇದ್ರೆ ಹಿಡ್ಕೊಳ್ಳೋಕೆ ಆಗತ್ತೆ.”

ಅಷ್ಟರಲ್ಲಿ ಅಮ್ಮ ಪರದೆಯ ಸಂದಿಯಿಂದ ಇಣುಕಿ, “ಯಾರೇ ಇವರೆಲ್ಲ? ಒಬ್ಬರೂ ತುಟಿ ಎರಡು ಮಾಡ್ತಿಲ್ಲ!” ಎಂದಳು.

ಮೂವತ್ತು ನಲವತ್ತು ಮಂದಿ ಇದ್ದಿರಬೇಕು. ಆಟದಲ್ಲಿ ಹೇಗೆ ಯಾರೂ ಮಾತಾಡುವುದಿಲ್ಲವೋ ಹಾಗೆ ಇವರೂ ಮಾತಾಡಲಿಲ್ಲ. ಅವರು ಕೂಗಿದ್ದರೆ, ಬೈದಿದ್ದರೆ ಎದುರಿಸುವುದು ಸುಲಭವಾಗುತ್ತಿತ್ತು. ಗಡ್ಡದವನೊಬ್ಬ ಹೆಗಲ ಮೇಲಿಂದ ಮರದ ಕುರ್ಚಿಯೊಂದನ್ನು ಇಳಿಸಿ, ಮನೆಯ ಗೋಡೆಗೆ ಮುಖ ಮಾಡಿ ಬಾಗಿಲ ಪಕ್ಕದಲ್ಲೇ ಇಟ್ಟ. ಎಲ್ಲರ ಮೊಬೈಲುಗಳೂ ಮೇಲೆದ್ದವು. ಎದುರುಮನೆಯ ಕಿಟಕಿ ಪಟ್ಟೆಂದು ಮುಚ್ಚಿಕೊಂಡಿತು.

ಅಕ್ಕನ ಬೆರಳು ‘ಕಳುಹಿಸು’ ಗುಂಡಿಯ ಮೇಲಿತ್ತು. ಗಡಿಯಾರದಲ್ಲಿ ಐದೂ ಹತ್ತು.

“ಅಕ್ಕಾ, ಒಂದು ನಿಮಿಷ ತಡಿ,” ಎಂದು ಅವನು ಬಾಗಿಲು ತೆರೆದು ಹೊರಗೆ ಬಂದ. ಕುರ್ಚಿಯನ್ನು ತಿರುಗಿಸಿ, ಗುಂಪಿಗೆ ಎದುರಾಗಿ ಅದರ ಮೇಲೆ ಕೂತ.

“ನಾನು ಭಾಷ್ಯಕಾರ,” ಎಂದ.

ಮೌನ ಮುರಿಯಿತು. “ಹೋಗಯ್ಯ, ಯಾರ ಕಿವಿಗೆ ಹೂವಿಡ್ತೀಯಾ?” ಎಂದ ಗಡ್ಡದವನು. “ನೀನು ಭಾಷ್ಯಕಾರ ಆದ್ರೆ ನಾನು ಯಜಮಾನ!” ಯಾರೋ ನಕ್ಕರು.

ಅವನು ಮೊಬೈಲಿನಲ್ಲಿ ಒಂದು ಸಾಲು ಬರೆದು ಜಗುಲಿಗೆ ಹಾಕಿದ: ‘ನಾನೀಗ ನಿಮ್ಮ ಮುಂದೆ ಕುರ್ಚಿಯ ಮೇಲೆ ಕೂತಿದ್ದೇನೆ.’ ಮರುಕ್ಷಣವೇ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮೂವತ್ತು ನಲವತ್ತು ಮೊಬೈಲುಗಳು ಒಟ್ಟಿಗೆ ಗುಂಯ್ ಎಂದವು. ಎಲ್ಲರೂ ತಲೆ ತಗ್ಗಿಸಿ ಓದಿದರು, ತಲೆಯೆತ್ತಿ ಇವನನ್ನು ನೋಡಿದರು. ಬಾಗಿಲ ಹಿಂದೆ ಯಾರೋ ಉಸಿರೆಳೆದುಕೊಂಡದ್ದು ಅವನಿಗೆ ಕೇಳಿಸಿತು. ಅಕ್ಕ ಅಲ್ಲಿ ನಿಂತಿದ್ದಳು.

“ಒಳಗಿರೋರು ನನ್ನ ಅಕ್ಕ. ಅವಳು ದ್ರೋಹ ಮಾಡಿಲ್ಲ. ಮಾಡಿದ್ದು ನಾನು, ಇವತ್ತು ಮಧ್ಯಾಹ್ನ ಹನ್ನೆರಡು ಗಂಟೆಗೆ. ಒಂದು ಕೋಣೆ ನೋಡಿ, ಆಟದ ಕೋಣೆ ಅಂದ್ಕೊಂಡೆ. ಅದು ಬರೀ ಕೋಣೆ.”

“ಓಹೋ! ಅಕ್ಕನ ಋಣ ತೀರಿಸ್ತಾ ಇದೀಯಾ?” ಗಡ್ಡದವನು ಮುಂದಕ್ಕೆ ಬಂದ. “ಹಾಗಾದ್ರೆ ಕುರ್ಚಿ ಯಾಕೆ ತಿರುಗಿತ್ತು? ಹೇಳಪ್ಪ, ನೀನೇ ಅಲ್ವಾ ಎಲ್ಲಾ ಹೇಳೋನು?”

“ನನಗೆ ಗೊತ್ತು.”

“ಹೇಳು ಮತ್ತೆ.”

“ಹೇಳೋದಿಲ್ಲ.”

ಗುಂಪಿನಲ್ಲಿ ಗುಜುಗುಜು ಎದ್ದಿತು. ಗೊತ್ತಿಲ್ಲ ಎಂದುಬಿಟ್ಟಿದ್ದರೆ ಅವರು ನಂಬುತ್ತಿದ್ದರೇನೋ. ಆದರೆ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ, ನಿಜವನ್ನು ಆಡುವ ಅಧಿಕಾರ ಅವನಿಗಿರಲಿಲ್ಲ. “ಹನ್ನೊಂದು ವರ್ಷ, ಗೊತ್ತಿಲ್ಲದ್ದನ್ನೆಲ್ಲ ನಿಮಗೆ ಹೇಳ್ತಾ ಬಂದೆ,” ಎಂದ. “ಗೊತ್ತಿರೋದು ಇದೊಂದೇ. ಇದು ನನ್ನದಲ್ಲ, ಹೇಳೋಕೆ.”

“ಥೂ! ನಿನ್ನ ಮಾತು ಕಟ್ಕೊಂಡು ಮೂರು ಬಸ್ಸು ಬದಲಾಯಿಸಿ ಬಂದೆನಲ್ಲ!” ಗಡ್ಡದವನ ದನಿ ಸಿಟ್ಟಿನಲ್ಲಿ ಒಡೆಯಿತು, ಅದರಲ್ಲಿ ಅಳುವೂ ಇತ್ತು. ಅವನು ಮೊದಲು ತಿರುಗಿ ನಡೆದ. ಕೆಲವರು ಫೋಟೊ ಹಿಡಿದರು, ಕೆಲವರು ಬೈದರು, ಹಲವರು ಏನು ಮಾಡಬೇಕೆಂದು ತಿಳಿಯದೆ ನಿಂತರು. ಹಳದಿ ಜಾಕೆಟ್ಟಿನ ಹುಡುಗಿಯೊಬ್ಬಳು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು: “ಅಣ್ಣಾ, ಯಜಮಾನರು ಚೆನ್ನಾಗಿದಾರಾ?”

ಬೆಳಗಿನಿಂದ ಜಗುಲಿಯಲ್ಲಿ ಸಾವಿರಾರು ಮಾತು ಬಿದ್ದಿದ್ದವು. ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ, ಅವನೂ ಕೇಳಿರಲಿಲ್ಲ. “ನೀನು ಕೇಳಿದೆ ಅಂತ ಅವರಿಗೆ ತಲುಪಿಸ್ತೀನಮ್ಮ,” ಎಂದ.

ಬೀದಿ ಖಾಲಿಯಾಗುವಾಗ ಐದೂ ನಲವತ್ತು. ಒಳಗೆ ಬರುವಷ್ಟರಲ್ಲಿ ಮೊಬೈಲು ಮತ್ತೆ ಮಿಡಿಯಿತು: ಜಗುಲಿಯಿಂದ ಭಾಷ್ಯಕಾರನನ್ನು ಹೊರಹಾಕಲಾಗಿದೆ.

ಅಕ್ಕ ಅವನನ್ನು ಎವೆಯಿಕ್ಕದೆ ನೋಡಿದಳು. “ನೀನಾ?”

“ಹೂಂ.”

“ಹನ್ನೊಂದು ವರ್ಷ, ಪಕ್ಕದ ಕೋಣೆಯಲ್ಲಿ ಕೂತು?”

“ಹೂಂ.”

ಅವಳು ಹೊಡೆಯುತ್ತಾಳೆ ಎಂದುಕೊಂಡ. ಹೊಡೆದಿದ್ದರೆ ಹಗುರವಾಗುತ್ತಿತ್ತು. ಅವಳು ಕನ್ನಡಕ ತೆಗೆದು ಅವನ ಕಡೆ ಚಾಚಿದಳು. “ಇದನ್ನ ಮೊದಲು ಬಿಗಿ ಮಾಡು. ನಿನ್ನ ವಿಷಯ ಆಮೇಲೆ ನೋಡ್ಕೋತೀನಿ. ಸುಲಭಕ್ಕೆ ಬಿಡಲ್ಲ.”

ಜೇಬಿನಿಂದ ಸಣ್ಣ ತಿರುಪುಳಿ ತೆಗೆದು ತಿರುಗಿಸಿದ. ಒಂದೂಕಾಲು ಸುತ್ತು, ಅಷ್ಟೇ. ಅವಳು ಹಾಕಿಕೊಂಡು ತಲೆ ಅಲ್ಲಾಡಿಸಿ ನೋಡಿದಳು, ಜಾರಲಿಲ್ಲ. ಬರೆದಿದ್ದ ಪತ್ರವನ್ನು ಅಳಿಸಿ ಫೋನು ಹಚ್ಚಿದಳು.

“ಯಜಮಾನರೇ, ನಾನು. ಒಪ್ಪಿದೀನಿ... ಹೂಂ, ಬಂದಿದ್ರು. ಹೋದ್ರು... ಇಲ್ಲ, ಗೊತ್ತಾಗಿಲ್ಲ. ಗೊತ್ತಾಗೋದೂ ಇಲ್ಲ.” ತಮ್ಮನ ಕಡೆ ಒಮ್ಮೆ ನೋಡಿ, ಮುಖ ತಿರುಗಿಸಿಕೊಂಡಳು. “ಇನ್ನೊಂದು ವಿಷಯ. ಒಂದು ಹುಡುಗಿ ನೀವು ಹೇಗಿದೀರಿ ಅಂತ ಕೇಳಿದ್ಳಂತೆ.”

ಅಮ್ಮ ಹೊರಗಿನಿಂದ ಕುರ್ಚಿಯನ್ನು ಎಳೆದುಕೊಂಡು ಬಂದಳು. “ಬಾಗಿಲಲ್ಲೇ ಬಿಟ್ಟು ಹೋಗಿದಾರೆ ನೋಡು, ಮರುಳು ಜನ. ಒಳ್ಳೇ ಗಟ್ಟಿ ಮರ.” ನಡುಮನೆಯಲ್ಲಿ ಅದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಬೆನ್ನಿನ ಮೇಲೆ ಒದ್ದೆ ಟವೆಲನ್ನು ಹರಡಿದಳು.

ಅವನು ಕುರ್ಚಿಯನ್ನೊಮ್ಮೆ ನೋಡಿದ. ಬಕೆಟ್ಟಿನಿಂದ ಇನ್ನೊಂದು ಬಟ್ಟೆಯನ್ನೆತ್ತಿ ಹಿಂಡತೊಡಗಿದ.